ಸ್ನಾನಕ್ಕೆ ಮುನ್ನ ವ್ಯಾಯಾಮ

ವಾಗ್ಭಟಾಚಾರ್ಯರು ಅಷ್ಟಾಂಗಹೃದಯದ ದಿನಚರ್ಯಾಧ್ಯಾಯದಲ್ಲಿ ಬ್ರಾಹ್ಮೀ ಮುಹೂರ್ತದಲ್ಲಿ ಏಳುವುದರಿಂದ ಆರಂಭಿಸಿ ಪ್ರಾತಃಕಾಲದ ಕರ್ತವ್ಯಗಳನ್ನು ಕ್ರಮವಾಗಿ ಹೇಳುತ್ತಾರೆ. ಅದರಲ್ಲಿ ವ್ಯಾಯಾಮದ ಸ್ಥಾನವು ಗಮನಾರ್ಹವಾದುದು: ಅಭ್ಯಂಗದ ನಂತರ, ಸ್ನಾನಕ್ಕೆ ಮುನ್ನ. ದೇಹಲಾಘವ, ಕಾರ್ಯಸಾಮರ್ಥ್ಯ, ಜಠರಾಗ್ನಿಯ ದೀಪ್ತಿ, ಮೇದಸ್ಸಿನ ಕ್ಷಯ ಇವು ಅದರ ಫಲಗಳೆಂದು ಅವರ ಅಭಿಪ್ರಾಯ.

ಈ ಫಲಗಳನ್ನು ಅರಿಯದವರು ನಮ್ಮಲ್ಲಿ ವಿರಳ. ಹೈದರಾಬಾದಿಗೆ ಬಂದು ನೆಲೆಸಿದ ನಮ್ಮ ಕುಟುಂಬಗಳಲ್ಲಿ ಬಾವಿಯ ನೀರು ಸೇದುವ, ಹೊಳೆಗೆ ನಡೆದು ಹೋಗುವ ಶ್ರಮವು ಹಿರಿಯರ ಕಾಲಕ್ಕೇ ಮುಗಿಯಿತು. ಕುರ್ಚಿಯ ಉದ್ಯೋಗ, ವಾಹನ, ಲಿಫ್ಟು ಉಳಿದವು. ಮಧುಮೇಹ, ರಕ್ತದೊತ್ತಡಗಳು ಮನೆಮಾತಾದವು. ವೈದ್ಯರು ಎಚ್ಚರಿಸಿದೊಡನೆ ಇಂದಿರಾ ಪಾರ್ಕಿಗೋ ಕೆ.ಬಿ.ಆರ್. ಉದ್ಯಾನಕ್ಕೋ ಉತ್ಸಾಹದಿಂದ ಹೊರಡುವವರಿದ್ದಾರೆ. ಹದಿನೈದು ದಿನಗಳಲ್ಲಿ ಉತ್ಸಾಹ ಇಳಿಯುತ್ತದೆ, ನಡಿಗೆ ನಿಲ್ಲುತ್ತದೆ.

ಇದಕ್ಕೆ ವಾಗ್ಭಟರ ಕ್ರಮವೇ ಉಪಾಯ. ನಮ್ಮ ಮನೆಗಳಲ್ಲಿ ಏನು ತಪ್ಪಿದರೂ ಸ್ನಾನ ತಪ್ಪದು. ಆ ತಪ್ಪದ ಕರ್ಮಕ್ಕೆ ವ್ಯಾಯಾಮವನ್ನು ಪೂರ್ವಾಂಗವಾಗಿ ಜೋಡಿಸಬೇಕು. ಮಡಿಗೆ ಬಾಧಕವಿಲ್ಲ, ಬೆವರು ಸ್ನಾನದಲ್ಲಿ ಕಳೆದು, ಅನಂತರ ಸಂಧ್ಯಾವಂದನೆ ನಡೆಯುತ್ತದೆ. ಈ ಊರಿನ ಬೇಸಿಗೆಯಲ್ಲಿಯೂ ತಂಪಾದ ಹೊತ್ತು ಅದೊಂದೇ. ಮಳೆಗಾಲದಲ್ಲಿ ಮನೆಯ ಪಡಸಾಲೆಯಲ್ಲಿಯೇ ಸೂರ್ಯನಮಸ್ಕಾರ ಮಾಡಬಹುದು.

ಪ್ರಮಾಣವನ್ನೂ ವಾಗ್ಭಟರು ವಿಧಿಸಿದ್ದಾರೆ. ಬಲಿಷ್ಠರೂ ಶೀತಕಾಲ, ವಸಂತಗಳಲ್ಲಿ ಅರ್ಧಶಕ್ತಿಯಷ್ಟು ಮಾತ್ರ ಶ್ರಮಿಸಬೇಕು. ಉಳಿದ ಋತುಗಳಲ್ಲಿ ಅದಕ್ಕಿಂತ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ವಯಸ್ಕರಿಗೆ ಸೂಚಿಸಿದ್ದು ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮ. ಎಂದರೆ ದಿನಕ್ಕೆ ಸುಮಾರು 22 ನಿಮಿಷ. ಮೊದಲು ಹತ್ತು ನಿಮಿಷಗಳ ಬಿರುಸು ನಡಿಗೆ ಸಾಕು. ಹೃದ್ರೋಗಿಗಳೂ ಮಧುಮೇಹಕ್ಕೆ ಔಷಧ ಸೇವಿಸುವವರೂ ವೈದ್ಯರನ್ನು ಕೇಳಿಯೇ ಆರಂಭಿಸತಕ್ಕದ್ದು.

ಅಭ್ಯಾಸವು ಬೇರೂರಲು ಎಷ್ಟು ದಿನ ಬೇಕು? ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 96 ಮಂದಿ ಭಾಗವಹಿಸಿದ್ದರು. ಹೊಸ ಕೆಲಸವೊಂದನ್ನು ನಿತ್ಯದ ಒಂದು ಸಂದರ್ಭಕ್ಕೆ ಜೋಡಿಸಿಕೊಂಡ ಅವರಿಗೆ ಅದು ಸಹಜವಾಗಲು ಸುಮಾರು 66 ದಿನ ಬೇಕಾಯಿತು. ಕೆಲವರಿಗೆ 18, ಕೆಲವರಿಗೆ 254. ನಡುವೆ ಒಂದು ದಿನ ತಪ್ಪಿದರೆ ಹೆಚ್ಚಿನ ಹಾನಿಯಾಗಲಿಲ್ಲ. ಆದುದರಿಂದ ನಿರ್ಜಲ ಉಪವಾಸವಿರುವವರು ಏಕಾದಶಿಯಂದೂ ದ್ವಾದಶಿಯ ಪಾರಣೆಗೆ ಮುನ್ನವೂ ವಿಶ್ರಮಿಸಲಿ. ಆ ಬಿಡುವೂ ನಿಯಮದಲ್ಲಿಯೇ ಸೇರಿರಲಿ; ತ್ರಯೋದಶಿಯಂದು ಮಾತ್ರ ಬಿಡಬಾರದು.

ನಾಲ್ಕು ತಿಂಗಳ ಚಾತುರ್ಮಾಸ್ಯವು 66 ದಿನಗಳಿಗಿಂತ ದೀರ್ಘವಾದುದು. ಶಾಕವ್ರತದೊಡನೆ ಈ ನಿಯಮವನ್ನೂ ಆರಂಭಿಸಿದರೆ ಕ್ಷೀರ, ದ್ವಿದಳಗಳನ್ನು ದಾಟಿ ಕಾರ್ತಿಕಕ್ಕೆ ಬರುವಾಗ ಅದು ಬಹುಮಂದಿಗೆ ಸಹಜವಾಗಿರುತ್ತದೆ. ವೃದ್ಧಾಪ್ಯದಲ್ಲಿಯೂ ಪ್ರದಕ್ಷಿಣೆ ಬರುವ, ನೆಲಕ್ಕೆ ಬಾಗಿ ನಮಸ್ಕರಿಸುವ ಶಕ್ತಿಯನ್ನು ಉಳಿಸಿಕೊಳ್ಳಬೇಕೆನ್ನುವವರು ಅದನ್ನು ಇಂದಿನ ಸ್ನಾನಕ್ಕೆ ಮುನ್ನವೇ ಆರಂಭಿಸಬಹುದು.