ಕಚೇರಿಯ ತಂತಿರಹಿತ ದೂರವಾಣಿ

1827ನೆಯ ಇಸವಿ ಜುಲೈ 6ರಂದು ಮದರಾಸಿನ ಗವರ್ನರಾಗಿದ್ದ ಸರ್ ಥಾಮಸ್ ಮನ್ರೋ ಅವರು ನಮ್ಮ ಪತ್ತಿಕೊಂಡದಲ್ಲಿ ಕಾಲರಾ ಬೇನೆಯಿಂದ ತೀರಿಕೊಂಡರು. ಅವರು ಆಗ ದತ್ತಮಂಡಲಗಳ ಪ್ರವಾಸದಲ್ಲಿದ್ದರು. ಗುತ್ತಿಯಲ್ಲಿ ಅವರನ್ನು ಮಣ್ಣುಮಾಡಿದರು. ಒಂದು ಪ್ರಾಂತ್ಯದ ದೊರೆ ಸತ್ತ ಸುದ್ದಿಯಾದರೂ ಅದು ಮದರಾಸನ್ನು ಮುಟ್ಟಬೇಕಾದರೆ ಟಪಾಲಿನವರ ಕಾಲ್ನಡಿಗೆಯನ್ನೇ ನಂಬಬೇಕಾಗಿತ್ತು. ಅಲೆಕ್ಸಾಂಡರ್ ಗ್ರಹಾಂ ಬೆಲ್ ದೂರವಾಣಿಗೆ ಹಕ್ಕುಪತ್ರ ಪಡೆದದ್ದು 1876ರಲ್ಲಿ. ಕಲಕತ್ತೆ, ಮುಂಬಯಿ, ಮದರಾಸುಗಳಲ್ಲಿ ವಿನಿಮಯ ಕೇಂದ್ರಗಳು ತೆರೆದದ್ದು 1882ರಲ್ಲಿ. ಹಳ್ಳಿಗಾಡಿಗೆ ಅದು ಬರಲು ಇನ್ನೂ ನೂರು ವರುಷ ಹಿಡಿಯಿತು. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆಯವರು ಧೂಳು, ಬಿಸಿಲುಗಳನ್ನು ತಡೆಯಬಲ್ಲ 128 ಲೈನುಗಳ ಚಿಕ್ಕ ಗ್ರಾಮೀಣ ಕೇಂದ್ರವನ್ನು ರೂಪಿಸಿ, 1986ರಲ್ಲಿ ಮೊಟ್ಟಮೊದಲಿಗೆ ಅದನ್ನು ನೆಲೆಗೊಳಿಸಿದ್ದು ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ. ಕನ್ನಡಿಗರಾದ ನಾವು ಇದನ್ನು ನೆನಪಿನಲ್ಲಿಡತಕ್ಕದ್ದು.

ಇಷ್ಟು ಪೀಠಿಕೆ ಸಾಕು. ನಮ್ಮ ಶಾಲೆಯ ಕಚೇರಿಗೆ ತಂತಿರಹಿತ ದೂರವಾಣಿ, ಅಂದರೆ ಎಲ್ಲರೂ ಕಾರ್ಡ್‌ಲೆಸ್ ಫೋನ್ ಎಂದು ಕರೆಯುವ ಉಪಕರಣ ಬಂದಾಗ ಅದನ್ನು ಜೋಡಿಸುವ ಕೆಲಸವನ್ನು ವಿಜ್ಞಾನ ಸಂಘದವರಾದ ನಾವು ವಹಿಸಿಕೊಂಡೆವು. ಜೋಡಿಸಿದ ಹೆಮ್ಮೆ ಬಹಳ ದಿನ ಉಳಿಯಲಿಲ್ಲ. ಆ ಸಂಗತಿಯನ್ನು ಮುಂದೆ ಹೇಳುತ್ತೇವೆ. ಮೊದಲು ಉಪಕರಣದ ವಿಚಾರ.

ಇದರಲ್ಲಿ ಎರಡು ಭಾಗಗಳಿವೆ. ಒಂದು ಮೇಜಿನ ಮೇಲೆ ಕುಳಿತಿರುವ ಬೇಸ್. ಇನ್ನೊಂದು ಕೈಯಲ್ಲಿ ಹಿಡಿದು ತಿರುಗಾಡುವ ಹ್ಯಾಂಡ್‌ಸೆಟ್. ವಿನಿಮಯ ಕೇಂದ್ರದಿಂದ ಬರುವ ತಂತಿ ಬೇಸಿನ ತನಕ ಮಾತ್ರ ಬರುತ್ತದೆ. ಅಲ್ಲಿಂದ ಮುಂದೆ ಮಾತು ರೇಡಿಯೋ ಅಲೆಗಳ ಮೂಲಕ ಸಾಗುತ್ತದೆ. ಆದ್ದರಿಂದ ತಂತಿರಹಿತ ಎಂಬ ಹೆಸರು ಅರ್ಧ ಸತ್ಯವೇ. ಹಳೆಯ ಕಾಲದ ಕಾರ್ಡ್‌ಲೆಸ್ ಫೋನುಗಳಲ್ಲಿ ಮಾತು ಮುಚ್ಚುಮರೆಯಿಲ್ಲದೆ ಅಲೆಯ ಮೇಲೇರಿ ಹೋಗುತ್ತಿದ್ದುದರಿಂದ ನೆರೆಮನೆಯವರು ತಕ್ಕ ರೇಡಿಯೋ ಇಟ್ಟುಕೊಂಡರೆ ಎಲ್ಲವನ್ನೂ ಕೇಳಬಹುದಾಗಿತ್ತು. ಈಗಿನವು ಡೆಕ್ಟ್ ಎಂಬ ಪದ್ಧತಿಯವು. ಇವು ಮಾತನ್ನು ಅಂಕಿಗಳನ್ನಾಗಿ ಮಾಡಿ ಕಳುಹಿಸುತ್ತವೆ, ಗುಟ್ಟಾಗಿಡುವ ಏರ್ಪಾಡೂ ಅದರಲ್ಲಿದೆ.

ಡೆಕ್ಟ್ ಪದ್ಧತಿಗೆ ಮೀಸಲಾದ ಆವರ್ತನ 1880ರಿಂದ 1900 ಮೆಗಾಹರ್ಟ್ಸ್. ಬೆಳಕಿನ ವೇಗವಾದ ಸೆಕೆಂಡಿಗೆ 3 ಲಕ್ಷ ಕಿಲೋಮೀಟರನ್ನು ಇದರಿಂದ ಭಾಗಿಸಿದರೆ ಅಲೆಯ ಉದ್ದ ಸುಮಾರು 16 ಸೆಂಟಿಮೀಟರ್ ಬರುತ್ತದೆ, ಅಂದರೆ ಒಂದು ಗೇಣಿಗೂ ಕಡಿಮೆ. ಹತ್ತನೆಯ ತರಗತಿಯವರು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು. ಬೇಸೂ ಹ್ಯಾಂಡ್‌ಸೆಟ್ಟೂ ಒಂದೇ ಆವರ್ತನದಲ್ಲಿ ಸರದಿಯ ಮೇಲೆ ಮಾತನಾಡುತ್ತವೆ. ಸೆಕೆಂಡಿನ ನೂರರಲ್ಲೊಂದು ಪಾಲು ಒಂದು ಸುತ್ತು. ಆ ಸುತ್ತಿನ ಮೊದಲರ್ಧ ಬೇಸು ಕಳುಹಿಸುವ ಹೊತ್ತು, ಉಳಿದರ್ಧ ಹ್ಯಾಂಡ್‌ಸೆಟ್ಟಿನ ಹೊತ್ತು. ಒಂದು ಸುತ್ತಿನಲ್ಲಿ 24 ಚೂರುಗಳಿದ್ದು, ಒಂದು ಹ್ಯಾಂಡ್‌ಸೆಟ್ಟು ಕಳುಹಿಸಲು ಬಳಸುವುದು ಒಂದೇ ಚೂರನ್ನು. ಆದಕಾರಣ ಕಳುಹಿಸುವಾಗಿನ ಶಕ್ತಿ 250 ಮಿಲಿವ್ಯಾಟ್ ಇದ್ದರೂ ಸರಾಸರಿ ಶಕ್ತಿ 250ನ್ನು 24ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 10 ಮಿಲಿವ್ಯಾಟ್ ಮಾತ್ರ.

ಈ ಸರದಿಯ ವಿಚಾರ ಓದುವಾಗ ನಮಗೆ ಎರ್ರಗುಡಿಯ ಅಶೋಕನ ಶಾಸನ ನೆನಪಾಯಿತು. ಅಲ್ಲಿಯ ಬಂಡೆಯ ಮೇಲೆ ಕೆಲವು ಸಾಲುಗಳು ಎಡದಿಂದ ಬಲಕ್ಕೂ ಅದರ ಮುಂದಿನದು ಬಲದಿಂದ ಎಡಕ್ಕೂ ಇವೆ. ನೇಗಿಲಿನ ಎತ್ತು ಸಾಲಿನ ಕೊನೆಗೆ ತಿರುಗಿಕೊಂಡು ಬಂದ ಹಾಗೆ. ಎರಡಕ್ಕೂ ಸಂಬಂಧವೇನೂ ಇಲ್ಲ. ಆದರೂ ಹೋಲಿಕೆ ಮನಸ್ಸಿನಲ್ಲಿ ನಿಲ್ಲುವಂಥದು.

ಇದೇ ಡೆಕ್ಟ್ ಪದ್ಧತಿಯನ್ನು ಆಧಾರವಾಗಿಟ್ಟುಕೊಂಡು ಮದರಾಸಿನ ಐ.ಐ.ಟಿ.ಯ ಅಶೋಕ್ ಝುನ್‌ಝುನ್‌ವಾಲಾ ಮತ್ತು ಅವರ ಸಂಗಡಿಗರು 1990ರ ದಶಕದಲ್ಲಿ ಕಾರ್‌ಡೆಕ್ಟ್ ಎಂಬ ವ್ಯವಸ್ಥೆಯನ್ನು ನಿರ್ಮಿಸಿದರು. ಮೇಜಿನ ಬೇಸಿನ ಬದಲು ಎತ್ತರದ ಗೋಪುರ, ಮನೆಯ ಮೇಲೊಂದು ಏರಿಯಲ್. ಅಡ್ಡಿಯಿಲ್ಲದಿದ್ದರೆ ಸುಮಾರು 10 ಕಿಲೋಮೀಟರ್ ತನಕ ಕಂಬ ತಂತಿಗಳಿಲ್ಲದೆ ಮಾತು ಸಾಗುವಂತಾಯಿತು.

ಇನ್ನು ಜೋಡಣೆ. ಪೆಟ್ಟಿಗೆ ಬಿಚ್ಚಿದ ಕೂಡಲೆ ಹ್ಯಾಂಡ್‌ಸೆಟ್ಟಿನ ಬೆನ್ನಿನ ಮುಚ್ಚಳ ತೆಗೆದು ಸೆಲ್ಲುಗಳನ್ನು ಹಾಕಬೇಕು. ಇವು ಮತ್ತೆ ಮತ್ತೆ ಚಾರ್ಜು ಮಾಡುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲುಗಳು, ಒಂದೊಂದಕ್ಕೆ 1.2 ವೋಲ್ಟ್, ಎರಡು ಸೇರಿ 2.4 ವೋಲ್ಟ್. ಇವು ಸವೆದಾಗ ಅಂಗಡಿಯಿಂದ ಗಡಿಯಾರಕ್ಕೆ ಹಾಕುವ ಸಾಮಾನ್ಯ ಸೆಲ್ ತಂದು ಹಾಕುವವರಿದ್ದಾರೆ. ಗಾತ್ರ ಒಂದೇ ಆದ್ದರಿಂದ ಸರಿಯಾಗಿ ಕೂಡುತ್ತವೆ. ಆದರೆ ಚಾರ್ಜು ಮಾಡಬಾರದ ಸೆಲ್ಲಿಗೆ ಚಾರ್ಜು ಹೋದರೆ ಅದು ಸೋರುತ್ತದೆ, ಒಡೆಯಲೂಬಹುದು. ಮೊದಲನೆಯ ಸಲ ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು ಪೂರ್ತಿಯಾಗಿ ಚಾರ್ಜು ಮಾಡತಕ್ಕದ್ದು. ನಮ್ಮವರಿಗೆ ಅಷ್ಟು ತಾಳ್ಮೆಯಿರಲಿಲ್ಲ. ಒಂದು ಗಂಟೆಯೊಳಗೇ ತೆಗೆದು ಮೈದಾನದ ತುದಿಯವರೆಗೂ ಓಡಿ ನೋಡಿದರು.

ಬೇಸಿಗೆ ಎರಡು ಬಳ್ಳಿಗಳು. ಒಂದು ದೂರವಾಣಿ ಲೈನಿನದು, ಗೋಡೆಯ ಸಾಕೆಟ್ಟಿಗೆ ಹೋಗತಕ್ಕದ್ದು. ಇನ್ನೊಂದು ಕರೆಂಟಿನ ಅಡಾಪ್ಟರಿನದು. ಬೇರೆ ಉಪಕರಣದ ಅಡಾಪ್ಟರನ್ನು ಇದಕ್ಕೆ ಚುಚ್ಚಬಾರದು, ವೋಲ್ಟೇಜ್ ಬೇರೆಯಾಗಿರುತ್ತದೆ. ಬೇಸನ್ನು ಎಲ್ಲಿಡಬೇಕೆಂಬುದೇ ಮುಖ್ಯ. ಬಯಲಿನಲ್ಲಿ ಸುಮಾರು 300 ಮೀಟರ್, ಕಟ್ಟಡದೊಳಗೆ ಸುಮಾರು 50 ಮೀಟರ್ ಎಂದು ಹೇಳುತ್ತಾರಾದರೂ ನಮ್ಮ ಸೀಮೆಯ ದಪ್ಪ ಕಲ್ಲುಗೋಡೆಗಳು ಆ ಲೆಕ್ಕವನ್ನು ಒಪ್ಪುವುದಿಲ್ಲ. ಮೊದಲು ನಾವು ಅದನ್ನು ಕಬ್ಬಿಣದ ಬೀರುವಿನ ಪಕ್ಕದಲ್ಲಿಟ್ಟೆವು. ವರಾಂಡ ದಾಟಿದೊಡನೆ ಮಾತು ತುಂಡುತುಂಡಾಯಿತು. ಬೀರುವಿನಿಂದ ದೂರ, ಕಿಟಕಿಯ ಬಳಿ ಎತ್ತರದ ಗೂಡಿನಲ್ಲಿಟ್ಟ ಮೇಲೆ ಬಾವಿಕಟ್ಟೆಯ ತನಕ ಚೆನ್ನಾಗಿ ಕೇಳಿಸಿತು. ಲೋಹ ಅಲೆಗಳನ್ನು ತಡೆಯುತ್ತದೆಯೆಂಬುದನ್ನು ಪುಸ್ತಕಕ್ಕಿಂತ ಬೀರುವೇ ನಮಗೆ ಚೆನ್ನಾಗಿ ಕಲಿಸಿತು.

ಎರಡನೆಯ ಹ್ಯಾಂಡ್‌ಸೆಟ್ಟನ್ನು ಉಪಾಧ್ಯಾಯರ ಕೊಠಡಿಯಲ್ಲಿಡಬೇಕಾದರೆ ಅದನ್ನು ಬೇಸಿಗೆ ಪರಿಚಯ ಮಾಡಿಸಬೇಕು. ಬೇಸಿನ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದು, ಹ್ಯಾಂಡ್‌ಸೆಟ್ಟಿನಲ್ಲಿ ನೋಂದಣಿಯನ್ನು ಆರಿಸಿ, ಗುಪ್ತಸಂಖ್ಯೆ ಕೇಳಿದರೆ ಒತ್ತಬೇಕು. ಸಾಮಾನ್ಯವಾಗಿ ಅದು ನಾಲ್ಕು ಸೊನ್ನೆ. ನಂತರ ಒಂದರಿಂದ ಇನ್ನೊಂದಕ್ಕೆ ಖರ್ಚಿಲ್ಲದೆ ಮಾತನಾಡಬಹುದು, ಬಂದ ಕರೆಯನ್ನು ದಾಟಿಸಬಹುದು. ಹೊರದೇಶದಲ್ಲಿರುವ ನೆಂಟರು ಉಡುಗೊರೆಯಾಗಿ ಕಾರ್ಡ್‌ಲೆಸ್ ಫೋನ್ ತರುವುದುಂಟು. ಅಮೆರಿಕದಲ್ಲಿ ಮಾರುವವು 1920ರಿಂದ 1930 ಮೆಗಾಹರ್ಟ್ಸಿನವು. ಅವನ್ನು ಇಲ್ಲಿ ಬಳಸಬಾರದು.

ಸಂಖ್ಯೆಯನ್ನು ಕೇಂದ್ರಕ್ಕೆ ತಿಳಿಸುವ ರೀತಿ ಎರಡು. ಹಳೆಯ ತಿರುಗುವ ಡಯಲ್ಲಿನಲ್ಲಿ ಲೈನು ಸೆಕೆಂಡಿಗೆ ಹತ್ತರಂತೆ ಕಡಿದು ಕೂಡುತ್ತಿತ್ತು. 7ಕ್ಕೆ ಏಳು ಸಲ, ಸೊನ್ನೆಗೆ ಹತ್ತು ಸಲ. ಈಗಿನ ಗುಂಡಿ ಒತ್ತಿದರೆ ಎರಡು ಸ್ವರಗಳು ಒಟ್ಟಿಗೆ ಹೊರಡುತ್ತವೆ. 5ನ್ನು ಒತ್ತಿದಾಗ 770 ಮತ್ತು 1336 ಹರ್ಟ್ಸಿನ ಸ್ವರಗಳು. ಆ ಅಡ್ಡಸಾಲಿನ ಗುಂಡಿಗಳಿಗೆಲ್ಲ 770, ಕಂಬಸಾಲಿನವುಗಳಿಗೆಲ್ಲ 1336. ಕೇಂದ್ರ ಎರಡನ್ನೂ ಗುರುತಿಸಿ ಮನೆ ಕಂಡುಹಿಡಿಯುತ್ತದೆ. ಕೆಲವು ಸೆಟ್ಟುಗಳಲ್ಲಿ ಪಲ್ಸ್, ಟೋನ್ ಎಂದು ಎರಡು ಆಯ್ಕೆಗಳಿರುತ್ತವೆ, ಟೋನ್ ಇಡಬೇಕು. 2021ರ ಜನವರಿ 15ರಿಂದ ಈಚೆಗೆ ಸ್ಥಿರ ದೂರವಾಣಿಯಿಂದ ಮೊಬೈಲಿಗೆ ಕರೆಯುವಾಗ ಮೊದಲು ಸೊನ್ನೆ ಒತ್ತಬೇಕೆಂಬ ನಿಯಮವಿದೆ. ನಮ್ಮ ಗುಮಾಸ್ತರು ಇದನ್ನರಿಯದೆ ಒಂದು ವಾರ ಫೋನನ್ನೇ ಬೈದರು.

ಈಗ ಮೊದಲು ಹೇಳಿದ ಸಂಗತಿಗೆ ಬರುತ್ತೇವೆ. ಹೊಸದು ಬಂದ ದಿನವೇ ನಾವು ಹಳೆಯ ಕಪ್ಪು ದೂರವಾಣಿಯನ್ನು ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟೆವು. ಆ ಮಳೆಗಾಲದ ಒಂದು ಮಧ್ಯಾಹ್ನ ಮೋಡ ಕವಿದು ಕರೆಂಟು ಹೋಯಿತು. ಮೂರು ಗಂಟೆಯಾದರೂ ಬರಲಿಲ್ಲ. ಅದೇ ಹೊತ್ತಿಗೆ ಎಂಟನೆಯ ತರಗತಿಯ ಹುಡುಗಿಯೊಬ್ಬಳ ತಂದೆ ಹತ್ತಿ ಹೊಲದಿಂದ ಶಾಲೆಯ ಸಂಖ್ಯೆಗೆ ಮತ್ತೆ ಮತ್ತೆ ಕರೆ ಮಾಡುತ್ತಿದ್ದರು. ಶಾಲೆಯದೆಂದು ಅವರ ಬಳಿ ಇದ್ದ ಸಂಖ್ಯೆ ಅದೊಂದೇ. ಅವರಿಗೆ ಗಂಟೆಯ ಸದ್ದು ಕೇಳಿಸುತ್ತಿತ್ತು, ನಮ್ಮ ಕಚೇರಿಯಲ್ಲಿ ಮಾತ್ರ ಯಾವ ಸದ್ದೂ ಇರಲಿಲ್ಲ. ಹುಡುಗಿ ಎಂದಿನಂತೆ ನಾಲ್ಕೂವರೆಯ ಬಸ್ಸು ಹತ್ತಿ ಹೋದಳು. ಅವಳ ಊರ ಮುಂದಿನ ಹಳ್ಳ ತುಂಬಿ ಹರಿಯುತ್ತಿತ್ತು. ಬಸ್ಸು ಈಚೆ ದಡದಲ್ಲೇ ಇಳಿಸಿ ಹಿಂದಿರುಗಿತು. ಕತ್ತಲಾಗುವ ತನಕ ಅವಳು ಒಬ್ಬಳೇ ಮಳೆಯಲ್ಲಿ ನಿಂತಿದ್ದಳು. ಟ್ರ್ಯಾಕ್ಟರಿನವರೊಬ್ಬರು ಕಂಡು ಹತ್ತಿರದ ಊರಿನ ಮನೆಯೊಂದಕ್ಕೆ ಕರೆದೊಯ್ದರು. ಮರುದಿನ ತಂದೆ ಬಂದು ಹೇಳಿದ್ದು ಇಷ್ಟೇ: "ಹಳ್ಳ ಬಂದೈತಿ, ಹುಡುಗೀನ್ನ ಕಳಸಬ್ಯಾಡ್ರಿ ಅನ್ನಾಕ ಎಷ್ಟ್ ಸಲ ಮಾಡೀನ್ರಿ ಸರ, ಯಾರೂ ಎತ್ತಲಿಲ್ಲ." ಮುಖ್ಯೋಪಾಧ್ಯಾಯರು ನಮ್ಮ ಕಡೆ ನೋಡಿದರು. ನಮಗೆ ತಲೆಯೆತ್ತಲಾಗಲಿಲ್ಲ.

ಕಾರಣವನ್ನು ಅಂದೇ ಹುಡುಕಿದೆವು. ತಾಮ್ರದ ತಂತಿಯ ಲೈನಿನಲ್ಲಿ ವಿನಿಮಯ ಕೇಂದ್ರದ ಬ್ಯಾಟರಿಯಿಂದ 48 ವೋಲ್ಟಿನ ವಿದ್ಯುತ್ತು ಸದಾ ಇರುತ್ತದೆ. ಗಂಟೆ ಬಾರಿಸಲು ಕೇಂದ್ರವೇ ಸುಮಾರು 75 ವೋಲ್ಟಿನ ಪರ್ಯಾಯ ವಿದ್ಯುತ್ತನ್ನು ಕಳುಹಿಸುತ್ತದೆ. ಹಳೆಯ ಸೆಟ್ಟಿಗೆ ಅಷ್ಟೇ ಸಾಕು. ಊರಿಗೆ ಊರೇ ಕತ್ತಲಾದರೂ ಅದು ಬಾರಿಸುತ್ತದೆ. ತಂತಿರಹಿತ ಬೇಸಿಗೆ ರೇಡಿಯೋ ಅಲೆ ಹೊರಡಿಸಲು ಮನೆಯ ಕರೆಂಟು ಬೇಕು. ಹ್ಯಾಂಡ್‌ಸೆಟ್ಟಿನಲ್ಲಿ ಚಾರ್ಜಿದ್ದರೂ ಬೇಸು ಸತ್ತರೆ ಅದು ಬರಿಯ ಪ್ಲಾಸ್ಟಿಕ್ ತುಂಡು. ಕರೆ ಮಾಡಿದವರಿಗೆ ಕೇಳಿಸುವ ಸದ್ದು ಕೇಂದ್ರದಿಂದ ಬರುವಂಥದು, ನಮ್ಮ ಗಂಟೆಯದಲ್ಲ. ಆದ್ದರಿಂದಲೇ ಆ ತಂದೆಗೆ ಯಾರೂ ಎತ್ತುತ್ತಿಲ್ಲವೆಂದು ತೋರಿತು. ಅಂದೇ ಎರಡು ಬಾಯಿಯ ಸಾಕೆಟ್ ತಂದು ಕಪ್ಪು ಸೆಟ್ಟನ್ನು ಅದೇ ಲೈನಿಗೆ ಜೊತೆಯಾಗಿ ಜೋಡಿಸಿದೆವು.

ಕೆಲವು ವರುಷಗಳ ಬಳಿಕ ತಾಮ್ರದ ಬದಲು ಗಾಜಿನೆಳೆಯ ಲೈನು ಬಂತು. ಗಾಜಿನಲ್ಲಿ ಬೆಳಕು ಹರಿಯುತ್ತದೆಯೇ ಹೊರತು ವಿದ್ಯುತ್ತಲ್ಲ. ಹಾಗಾಗಿ ಕೇಂದ್ರದ ಬ್ಯಾಟರಿಯ ಆಸರೆ ತಪ್ಪಿತು. ಬೆಳಕನ್ನು ಮಾತಾಗಿ ಮಾಡುವ ಪೆಟ್ಟಿಗೆಯೊಂದು ಗೋಡೆಯ ಮೇಲೆ ಕುಳಿತಿರುತ್ತದೆ, ದೂರವಾಣಿಯ ಬಳ್ಳಿಯನ್ನು ಅದಕ್ಕೇ ಚುಚ್ಚಬೇಕು. ಆ ಪೆಟ್ಟಿಗೆಗೆ ಸಾಮಾನ್ಯವಾಗಿ 12 ವೋಲ್ಟಿನ ಅಡಾಪ್ಟರು. ಕರೆಂಟು ಹೋದರೆ ಈಗ ಕಪ್ಪು ಸೆಟ್ಟೂ ಸುಮ್ಮನಾಗುತ್ತದೆ. ಆದ್ದರಿಂದ ಪೆಟ್ಟಿಗೆ, ಬೇಸು ಎರಡನ್ನೂ ಕಚೇರಿಯ ಇನ್ವರ್ಟರಿನ ಲೈನಿಗೆ ಕೊಡಿಸಿದ್ದೇವೆ. ಬೇಸನ್ನು ಮಾತ್ರ ಕೊಟ್ಟು ಪೆಟ್ಟಿಗೆಯನ್ನು ಮರೆತರೆ ಪ್ರಯೋಜನವಿಲ್ಲ. ಗುಡುಗು ಮಿಂಚು ತೀರಾ ಹತ್ತಿರವಿದ್ದಾಗ ಬಳ್ಳಿಗಳನ್ನು ಕೀಳಬೇಕೆಂಬುದು ನಿಜ. ಮಳೆ ಸರಿದ ಮೇಲೆ ಮತ್ತೆ ಚುಚ್ಚಲು ಒಬ್ಬರಿಗೆ ಜವಾಬ್ದಾರಿ ಕೊಡಬೇಕೆಂಬುದೂ ಅಷ್ಟೇ ನಿಜ.

ಮಾತನಾಡುವ ರೀತಿಯ ಬಗ್ಗೆ ಒಂದೆರಡು ಮಾತು. ದೂರವಾಣಿ ಲೈನು ಹಿಂದಿನಿಂದಲೂ 300ರಿಂದ 3400 ಹರ್ಟ್ಸಿನ ಒಳಗಿನ ಧ್ವನಿಯನ್ನಷ್ಟೇ ಒಯ್ಯುತ್ತ ಬಂದಿದೆ. ಅದಕ್ಕೂ ಮೇಲಿನದು ಸೋಸಿಹೋಗುವುದರಿಂದ ಸ, ಫ ಮೊದಲಾದ ಸದ್ದುಗಳು ಮಸುಕಾಗುತ್ತವೆ. ನಮ್ಮ ಕಚೇರಿಗೆ ಕನ್ನಡ, ತೆಲುಗು, ಉರ್ದು ಮೂರರಲ್ಲೂ ಕರೆಗಳು ಬರುತ್ತವೆ. ತೆಲುಗಿನ ಎನಿಮಿದಿ, ತೊಮ್ಮಿದಿ ಎರಡರ ಬಾಲವೂ ಒಂದೇ. ಅವಸರದಲ್ಲಿ ಎಂಟು ಒಂಬತ್ತಾಗಿಬಿಡುತ್ತದೆ. ಆದ್ದರಿಂದ ಸಂಖ್ಯೆಯನ್ನು ಬರೆದುಕೊಂಡ ಮೇಲೆ ಒಂದೊಂದು ಅಂಕಿಯನ್ನೂ ತಿರುಗಿ ಓದಿ ಹೇಳಬೇಕು. ಎತ್ತಿದವರು ಹಲೋ ಎಂದಷ್ಟೇ ಅನ್ನದೆ ಶಾಲೆಯ ಹೆಸರು ಹೇಳಬೇಕು. ಹ್ಯಾಂಡ್‌ಸೆಟ್ಟು ಕೈಗೆ ಬಂದ ಮೇಲೆ ಅದನ್ನು ಎಲ್ಲೆಂದರಲ್ಲಿ ಬಿಟ್ಟುಬರುವ ಚಾಳಿ ಬೆಳೆಯುತ್ತದೆ. ನಮ್ಮಲ್ಲಿ ಒಂದು ದಿನ ಅದು ಅಡುಗೆಕೋಣೆಯ ಅಕ್ಕಿಮೂಟೆಯ ಮೇಲೆ ಸಿಕ್ಕಿತು. ಬೇಸಿನಲ್ಲಿರುವ ಹುಡುಕುವ ಗುಂಡಿಯನ್ನು ಒತ್ತಿದರೆ ಅದು ಕೂಗುತ್ತದೆ, ಚಾರ್ಜಿದ್ದರೆ ಮಾತ್ರ. ಫೋನಿನ ಮೇಲ್ಗಡೆ ಗೋಡೆಗೆ ನಾಲ್ಕು ಸಂಖ್ಯೆಗಳನ್ನು ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದೇವೆ: ತುರ್ತು ಸಹಾಯಕ್ಕೆ 112, ಆಂಬುಲೆನ್ಸಿಗೆ 108, ಮಕ್ಕಳ ಸಹಾಯವಾಣಿ 1098, ಫೋನಿನ ಮೋಸದಲ್ಲಿ ಹಣ ಕಳೆದುಕೊಂಡರೆ 1930.

ಪಕ್ಕದಲ್ಲೊಂದು ನೋಟುಪುಸ್ತಕ ದಾರಕ್ಕೆ ಕಟ್ಟಿ ತೂಗುಹಾಕಿದೆ. ಕರೆ ಬಂದ ಹೊತ್ತು, ಮಾಡಿದವರ ಹೆಸರು, ಸುದ್ದಿ, ಅದನ್ನು ಯಾರಿಗೆ ಮುಟ್ಟಿಸಲಾಯಿತು ಎಂಬ ನಾಲ್ಕು ಕಾಲಂ. ಪ್ರತಿ ತಿಂಗಳ ಮೊದಲ ಸೋಮವಾರ ಮೇನ್ ಸ್ವಿಚ್ ಆರಿಸಿ, ಗೇಟಿನ ಹೊರಗೆ ನಿಂತ ಉಪಾಧ್ಯಾಯರೊಬ್ಬರಿಂದ ಶಾಲೆಯ ಸಂಖ್ಯೆಗೆ ಕರೆ ಮಾಡಿಸಿ ನೋಡುತ್ತೇವೆ. ಅದನ್ನೂ ಪುಸ್ತಕದಲ್ಲಿ ಬರೆಯುತ್ತೇವೆ. ಕಳೆದ ಸಲ ಮೂರನೆಯ ಗಂಟೆಗೆ ಅಟೆಂಡರ್ ಎತ್ತಿದರು. ಎತ್ತಿದ್ದು ಕಪ್ಪು ಸೆಟ್ಟನ್ನು.