ಹಗಲು ಬಿಸಿಲು, ಸಂಜೆ ಸಿಡಿಲು: ಹವಾಮಾನದ ಮೆಸೇಜು ಓದೋದು ಹೇಗೆ?

ರೈತ ಮಿತ್ರರೇ, ಭರಣಿ ಮಳೆ ದಿನಗಳು ಬಂದ್ವು ಅಂದ್ರೆ ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ದಿನಾ ಒಂದೇ ಥರದ ಮೆಸೇಜು. “ಮಂಡ್ಯ ಜಿಲ್ಲೆ: ಗರಿಷ್ಠ ಉಷ್ಣಾಂಶ 37 ಡಿಗ್ರಿ. ಸಂಜೆ ಒಂದೆರಡು ಕಡೆ ಗುಡುಗು ಸಹಿತ ಮಳೆ, ಗಾಳಿಯ ವೇಗ ಗಂಟೆಗೆ 40–50 ಕಿ.ಮೀ., ಹಳದಿ ಎಚ್ಚರಿಕೆ.” ಓದ್ತೀವಿ, ಮುಂದಕ್ಕೆ ತಳ್ತೀವಿ. 37 ತಾನೇ, ಒಂದೆರಡು ಕಡೆ ತಾನೇ, ಹಳದಿ ತಾನೇ ಅಂತ. ಈ ಮೂರು “ತಾನೇ”ಗಳ ಬಗ್ಗೆನೇ ಈ ವಾರದ ಪಾಠ.

37 ತಾನೇ?

ಮೊದಲು ಒಂದು ವಿಷಯ ತಿಳ್ಕೊಳ್ಳಿ. ಮುನ್ಸೂಚನೆಯಲ್ಲಿ ಹೇಳೋ ಉಷ್ಣಾಂಶ ನೆರಳಿನದ್ದು. ಗಾಳಿ ಆಡುವ ಬಿಳಿ ಮರದ ಪೆಟ್ಟಿಗೆಯೊಳಗೆ, ನೆಲದಿಂದ ನಾಲ್ಕೈದು ಅಡಿ ಎತ್ತರದಲ್ಲಿ ಇಟ್ಟ ಥರ್ಮಾಮೀಟರ್ ತೋರಿಸೋ ಲೆಕ್ಕ ಅದು. ನೀವು ನಿಲ್ಲೋದು ಆ ಪೆಟ್ಟಿಗೆಯೊಳಗಲ್ಲ, ಬಿಸಿಲಲ್ಲಿ, ಕಾದ ಮಣ್ಣಿನ ಮೇಲೆ.

ಎರಡನೇದು, “ಬಿಸಿಗಾಳಿ” ಅಂತ ಇಲಾಖೆ ಘೋಷಣೆ ಮಾಡಿಲ್ಲ ಅಂದ್ರೆ ಅಪಾಯ ಇಲ್ಲ ಅಂತ ಅರ್ಥ ಅಲ್ಲ. ಭಾರತ ಹವಾಮಾನ ಇಲಾಖೆಯ ನಿಯಮದಲ್ಲಿ ಬಯಲು ಪ್ರದೇಶಕ್ಕೆ ಬಿಸಿಗಾಳಿ ಅನ್ನಬೇಕಾದ್ರೆ ಉಷ್ಣಾಂಶ ಕನಿಷ್ಠ 40 ಡಿಗ್ರಿ ಮುಟ್ಟಬೇಕು, ಜೊತೆಗೆ ವಾಡಿಕೆಗಿಂತ 4.5 ಡಿಗ್ರಿಯಾದರೂ ಜಾಸ್ತಿ ಇರಬೇಕು. ಇಲ್ಲವೇ ನೇರವಾಗಿ 45 ದಾಟಬೇಕು. ಕಲಬುರಗಿ, ರಾಯಚೂರು ಕಡೆ 40 ಅನ್ನೋದು ದೊಡ್ಡ ಮಾತಲ್ಲ. ನಮ್ಮ ಕಡೆ ಅಪರೂಪ. ಹಾಗಾಗಿ ಇಲ್ಲಿ 37, 38 ಡಿಗ್ರಿಯಲ್ಲಿ ಜನ ಸುಸ್ತಾಗಿ ಬಿದ್ದರೂ ಆ ಪದ ಮೆಸೇಜಿನಲ್ಲಿ ಬರದೇ ಇರಬಹುದು.

ಮೂರನೇದು ತೇವಾಂಶ. ನಮ್ಮ ಮೈ ತಣ್ಣಗಾಗೋದು ಬೆವರು ಆರಿದಾಗ. ಗಾಳಿಯಲ್ಲಿ ತೇವ ಜಾಸ್ತಿ ಇದ್ರೆ ಬೆವರು ಆರಲ್ಲ, ಸುಮ್ನೆ ಸುರಿಯುತ್ತೆ. 37 ಡಿಗ್ರಿ ಇದ್ದು ತೇವಾಂಶ ಶೇ. 25 ಇದ್ರೆ ಮೈಗೆ ಹೆಚ್ಚುಕಡಿಮೆ 37ರಂತೆಯೇ ಅನ್ನಿಸುತ್ತೆ. ಅದೇ 37ಕ್ಕೆ ತೇವಾಂಶ ಶೇ. 50 ಆದ್ರೆ 45 ದಾಟಿದ ಹಾಗೆ. ಶ್ರೀರಂಗಪಟ್ಟಣ, ಪಾಂಡವಪುರದ ನಾಲೆ ಬಯಲಲ್ಲಿ ನೀರು ಕಟ್ಟಿದ ಕಬ್ಬಿನ ಗದ್ದೆಯೊಳಗೆ ಹೊಕ್ಕು ನೋಡಿ. ಗಾಳಿ ಆಡಲ್ಲ, ಕೆಳಗಿಂದ ಆವಿ ಏಳುತ್ತೆ. ಬದುವಿನ ಮೇಲಿದ್ದ ಹವೆಯೇ ಬೇರೆ, ಒಳಗಿನದೇ ಬೇರೆ. ನಾಗಮಂಗಲ, ಕೆ.ಆರ್.ಪೇಟೆಯ ಮೇಲಣ ಹೊಲಗಳಲ್ಲಿ ಬಿಸಿಲು ಸುಟ್ಟರೂ ಗಾಳಿ ಇರುತ್ತೆ. ಆದ್ದರಿಂದ ಕಬ್ಬಿನ ತರಗು ಬಿಡಿಸೋರು, ಕಟಾವು ಮಾಡೋರು ಬೆಳಗ್ಗೆ 6ಕ್ಕೆ ಶುರು ಮಾಡಿ ಹತ್ತೂವರೆ ಹನ್ನೊಂದಕ್ಕೆ ನಿಲ್ಲಿಸಿ. ಕೂಲಿಯವರನ್ನೂ ನಿಲ್ಲಿಸಿ. ಗುತ್ತಿಗೆ ಕೆಲಸ ಅಂತ ಅವರು ತಾವಾಗಿ ನಿಲ್ಲಿಸಲ್ಲ, ಹೇಳಬೇಕಾದ್ದು ನೀವೇ.

ಬಾಯಾರಿಕೆ ಆಗೋವರೆಗೆ ಕಾಯಬೇಡಿ. ಕೆಲಸದ ನಡುವೆ ಇಪ್ಪತ್ತು ನಿಮಿಷಕ್ಕೊಂದ್ಸಲ ಒಂದು ಲೋಟ ನೀರು, ಆಗಾಗ ಉಪ್ಪು ಹಾಕಿದ ಮಜ್ಜಿಗೆ. ಓಆರ್‌ಎಸ್ ಪೊಟ್ಟಣ ಇಲ್ಲದಿದ್ರೆ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ತಲೆಸುತ್ತು, ಸ್ನಾಯು ಸೆಳೆತ ಬಂದ್ರೆ ಅದು ಮೊದಲ ಎಚ್ಚರಿಕೆ, ನೆರಳಿಗೆ ಬನ್ನಿ. ಆದ್ರೆ ಮಾತು ತೊದಲೋದು, ಏನೇನೋ ಮಾತಾಡೋದು, ಮೈ ಕೆಂಡದ ಹಾಗೆ ಸುಡೋದು ಶುರುವಾದ್ರೆ ಅದು ಶಾಖಾಘಾತ, ಜೀವ ಹೋಗೋ ವಿಷಯ. “ಸ್ವಲ್ಪ ಮಲಗಲಿ, ಸರಿಹೋಗುತ್ತೆ” ಅಂತ ಬಿಡಬೇಡಿ. 108ಕ್ಕೆ ಕರೆ ಮಾಡಿ, ಗಾಡಿ ಬರೋವರೆಗೆ ಕೊಡಗಟ್ಟಲೆ ನೀರು ಮೈಮೇಲೆ ಸುರೀತಾ, ಒದ್ದೆ ಟವಲ್‌ನಲ್ಲಿ ಗಾಳಿ ಬೀಸ್ತಾ ಇರಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತೆ.

ಹಸುಗಳದ್ದೂ ಇದೇ ಕತೆ. ಎಚ್‌ಎಫ್ ಹಸು ಬಾಯಿ ತೆರೆದು ತೇಕ್ತಾ ಇದ್ರೆ ಆ ಹೊತ್ತಿಗೇ ಮೈಗೆ ನೀರು ಹೊಡೀರಿ. ಡೈರಿಯಲ್ಲಿ ಹಾಲು ಕಮ್ಮಿ ಆಯ್ತು ಅಂತ ಮಾರನೇ ದಿನ ಹಿಂಡಿ ಜಾಸ್ತಿ ಹಾಕಿದ್ರೆ ಪ್ರಯೋಜನ ಇಲ್ಲ.

ಒಂದೆರಡು ಕಡೆ ತಾನೇ?

ಇಲ್ಲಿ ತುಂಬಾ ಜನ ತಪ್ಪು ತಿಳ್ಕೊಂಡಿದ್ದಾರೆ. “ಒಂದೆರಡು ಕಡೆ” ಅಂದ್ರೆ ಸಣ್ಣ ಮಳೆ ಅಂತಲ್ಲ. ಎಷ್ಟು ಜಾಗದಲ್ಲಿ ಬರಬಹುದು ಅನ್ನೋ ಲೆಕ್ಕ ಅದು. ಆ ಪ್ರದೇಶದ ಮಳೆ ಕೇಂದ್ರಗಳಲ್ಲಿ ಶೇ. 25ರವರೆಗೆ ಮಳೆ ಬಂದ್ರೆ “ಒಂದೆರಡು ಕಡೆ”, ಶೇ. 50ರವರೆಗೆ “ಕೆಲವು ಕಡೆ”, ಶೇ. 75ರವರೆಗೆ “ಹಲವು ಕಡೆ”, ಅದಕ್ಕೂ ಮೇಲೆ “ಬಹುತೇಕ ಕಡೆ”. ಬಿದ್ದ ಕಡೆ ಎಷ್ಟು ಜೋರಾಗಿ ಬೀಳುತ್ತೆ ಅನ್ನೋದು ಈ ಪದದಲ್ಲಿ ಇಲ್ಲವೇ ಇಲ್ಲ. ಬೇಸಿಗೆ ಗುಡುಗು ಮಳೆ ಸ್ವಭಾವವೇ ಹಾಗೆ: ಒಂದು ಮೋಡ ಕೆಲವೇ ಕಿಲೋಮೀಟರ್ ಅಗಲ, ಒಂದು ಗಂಟೆ ಆಯಸ್ಸು. ಆದಿಚುಂಚನಗಿರಿ, ಬೆಳ್ಳೂರು ಕಡೆ ಆಲಿಕಲ್ಲು ಬಿದ್ದ ಸಂಜೆ ಶ್ರೀರಂಗಪಟ್ಟಣದಲ್ಲಿ ನಕ್ಷತ್ರ ಕಾಣಿಸ್ತಿರುತ್ತೆ. ಆಗ “ಮುನ್ಸೂಚನೆ ಸುಳ್ಳು” ಅಂತಾರೆ. ಸುಳ್ಳಲ್ಲ ಕಣ್ರಪ್ಪ, ಮೆಸೇಜಲ್ಲಿ ಇದ್ದಿದ್ದೇ ಒಂದೆರಡು ಕಡೆ ಅಂತ.

ಬಣ್ಣಗಳ ವಿಷಯ ಸಲೀಸು. ಹಳದಿ ಅಂದ್ರೆ ಗಮನ ಇಟ್ಟಿರಿ, ಕಿತ್ತಳೆ ಅಂದ್ರೆ ತಯಾರಾಗಿ, ಕೆಂಪು ಅಂದ್ರೆ ಈಗಲೇ ಕ್ರಮ ತಗೊಳ್ಳಿ. ಆದ್ರೆ ಬಣ್ಣ ಇಡೀ ಜಿಲ್ಲೆಗೆ, ಸಿಡಿಲು ಒಂದು ಮರಕ್ಕೆ. ಹಳದಿ ದಿನ ಬಿದ್ದ ಸಿಡಿಲೂ ಸಿಡಿಲೇ.

ಬಣ್ಣಕ್ಕಿಂತ ಗಾಳಿ ವೇಗದ ಅಂಕಿ ನೋಡೋದನ್ನ ರೂಢಿ ಮಾಡ್ಕೊಳ್ಳಿ. 40–50 ಅಂತಿದ್ರೆ ಗೊನೆ ಬಿಟ್ಟ ಬಾಳೆಗೆ ಊರುಗೋಲು ಅವತ್ತು ಬೆಳಗ್ಗೆಯೇ ಆಗಬೇಕು. ಯೂರಿಯಾ ಎರಚೋದು, ಔಷಧಿ ಹೊಡೆಯೋದು ಅವತ್ತಿಗೆ ಬೇಡ. ಮಳೆ ಬಂದ್ರೆ ಕೊಚ್ಚಿಕೊಂಡು ಹೋಗೋದು ನಿಮ್ಮ ದುಡ್ಡು.

ಬಿಸಿಲಿಗೂ ಸಿಡಿಲಿಗೂ ಸಂಬಂಧ

ಹಗಲಿನ ಸೆಖೆಯೇ ಸಂಜೆ ಮೋಡಕ್ಕೆ ಉರುವಲು. ನೆಲ ಕಾದು ಅದರ ಮೇಲಿನ ಗಾಳಿ ಹಗುರಾಗಿ ಏಳುತ್ತೆ. ಆ ಗಾಳಿಯಲ್ಲಿ ಸಮುದ್ರದ ಕಡೆಯಿಂದ ಬಂದ ತೇವ ಇದ್ರೆ ಮೇಲೆ ಹೋಗಿ ಹೂಕೋಸಿನ ಆಕಾರದ ಮೋಡ ಕಟ್ಟುತ್ತೆ. ಹತ್ತು ಹನ್ನೆರಡು ಕಿಲೋಮೀಟರ್ ಎತ್ತರಕ್ಕೆ ಬೆಳೆಯುತ್ತೆ. ಒಳಗೆ ಐಸ್ ಹರಳು, ಆಲಿಕಲ್ಲು ಒಂದಕ್ಕೊಂದು ಉಜ್ಜಿ ವಿದ್ಯುತ್ ಹುಟ್ಟುತ್ತೆ. ತೇವ ಇಲ್ಲದಿದ್ರೆ ಬರೀ ಬಿಸಿಲು. 2024ರ ಏಪ್ರಿಲ್ ನೆನಪಿರಬೇಕು, 26ನೇ ತಾರೀಖು ನಮ್ಮ ಜಿಲ್ಲೆಯಲ್ಲಿ ಲೋಕಸಭೆ ಮತದಾನ ಇತ್ತು. ಆ ತಿಂಗಳು ಬೆಂಗಳೂರು ನಗರ ಕೇಂದ್ರದಲ್ಲಿ ಅಳೆಯುವಷ್ಟು ಮಳೆಯೇ ಆಗಲಿಲ್ಲ. ಮೇ ತಿಂಗಳಲ್ಲಿ ತೇವ ಬಂತು, ಗುಡುಗು ಗಾಳಿನೂ ಜೊತೆಗೇ ಬಂತು.

ಮಧ್ಯಾಹ್ನ 3ರಿಂದ ರಾತ್ರಿ 8ರ ನಡುವೆ ಅಪಾಯ ಜಾಸ್ತಿ. ನಮ್ಮ ಹುಡುಗರು ಬಿಸಿಲು ಇಳೀತು ಅಂತ ಹೊಲಕ್ಕೆ ಹೋಗೋದೂ ಅದೇ ಹೊತ್ತಿಗೆ. ಥ್ರೀ ಫೇಸ್ ಕರೆಂಟ್ ಬಂದ್ರಂತೂ ಕೇಳೋದೇ ಬೇಡ, ಗುಡುಗ್ತಾ ಇದ್ರೂ ಮೋಟರ್ ಆನ್ ಮಾಡೋಕೆ ಓಡ್ತಾರೆ. ನನ್ನ ಪ್ರಕಾರ ಈ ಬೇಸಿಗೆಯಲ್ಲಿ ನೀವು ಬಿಡಬೇಕಾದ ಒಂದೇ ಅಭ್ಯಾಸ ಅದು. ಒದ್ದೆ ಕಾಲು, ಕೈಯಲ್ಲಿ ಕಬ್ಬಿಣದ ಸ್ಟಾರ್ಟರ್ ಡಬ್ಬಿ, ಅದಕ್ಕೆ ಕಂಬದಿಂದ ಬಂದ ತಂತಿ: ಸಿಡಿಲು ದೂರದ ಲೈನಿಗೆ ಬಿದ್ದರೂ ಆ ದಾರಿಯಲ್ಲಿ ನಿಮ್ಮ ಕೈಗೆ ಬರಬಹುದು. ಒಂದು ದಿನ ನೀರು ತಪ್ಪಿದ್ರೆ ಕಬ್ಬು ಸಾಯಲ್ಲ. ಮೊಬೈಲ್ ಸ್ಟಾರ್ಟರ್ ಇದ್ರೆ ಮನೆಯಿಂದಲೇ ಆಫ್ ಮಾಡಿ ಸುಮ್ನಿರಿ.

ಮಿಂಚು ಕಂಡ ಮೇಲೆ ಸೆಕೆಂಡು ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಲೆಕ್ಕ. ಮೂವತ್ತು ಎಣಿಸೋದ್ರೊಳಗೆ ಗುಡುಗು ಕೇಳಿಸಿದ್ರೆ ನೀವು ಸಿಡಿಲಿನ ಅಳತೆಯೊಳಗೇ ಇದ್ದೀರಿ. ತಾರಸಿ ಮನೆಗೆ ಹೋಗಿ, ಇಲ್ಲವೇ ಗಾಜು ಏರಿಸಿದ ಕಾರು, ಬಸ್ಸಿನೊಳಗೆ ಕೂರಿ. ನಾಲ್ಕೂ ಕಡೆ ತೆರೆದ ತಗಡಿನ ಶೆಡ್ಡು, ಗುಡಿಸಲು, ಟ್ರ್ಯಾಕ್ಟರು ಆಸರೆ ಅಲ್ಲ. ಕೊನೆ ಗುಡುಗು ಕೇಳಿದ ಮೇಲೆ ಅರ್ಧ ಗಂಟೆ ಹೊರಗೆ ಬರಬೇಡಿ. ಮಳೆ ನಿಂತ ಮೇಲೂ ಸಿಡಿಲು ಬೀಳುತ್ತೆ.

ತೆಂಗಿನ ಮರದ ಕೆಳಗೆ ನಿಲ್ಲಬೇಡಿ ಅಂತ ಎಲ್ಲರೂ ಹೇಳ್ತಾರೆ, ಯಾಕೆ ಅಂತ ಹೇಳಲ್ಲ. ಮರಕ್ಕೆ ಬಿದ್ದ ಸಿಡಿಲು ಪಕ್ಕದಲ್ಲಿ ನಿಂತವರಿಗೆ ಹಾರುತ್ತೆ, ಉಳಿದದ್ದು ಬುಡದಿಂದ ನೆಲದಲ್ಲಿ ಹರಡುತ್ತೆ. ನೆಲದಲ್ಲಿ ಹರಡಿದಾಗ ಕಾಲಿಂದ ಕಾಲಿಗೆ ಅಂತರ ಎಷ್ಟು ಜಾಸ್ತಿಯೋ ಹೊಡೆತ ಅಷ್ಟು ಜಾಸ್ತಿ. ಹಸುವಿನ ಮುಂಗಾಲಿಗೂ ಹಿಂಗಾಲಿಗೂ ನಾಲ್ಕೈದು ಅಡಿ ದೂರ. ಮರದಡಿ ಕಟ್ಟಿದ ದನ ಒಟ್ಟಿಗೇ ಸಾಯೋದು ಇದಕ್ಕೇ. ಮೋಡ ಕಟ್ಟಿದ ಕೂಡಲೇ ಕೊಟ್ಟಿಗೆಗೆ ಹೊಡೀರಿ, ತಂತಿಬೇಲಿಗೆ ಕಟ್ಟಬೇಡಿ. ಬೋಳು ಬಂಡೆ, ಗುಡ್ಡದ ಮೇಲೆ ಕುರಿ ಮೇಯಿಸೋರು ಮೊದಲು ಕೆಳಗಿಳಿಯಿರಿ. ಎಲ್ಲೂ ಆಸರೆ ಸಿಗದಿದ್ರೆ ತಗ್ಗಿನಲ್ಲಿ ಪಾದ ಜೋಡಿಸಿ ಕುಕ್ಕರುಗಾಲಲ್ಲಿ ಕೂರಿ, ಮಲಗಬೇಡಿ. ಗುಂಪಾಗಿ ಇರಬೇಡಿ.

ಇನ್ನೊಂದು ಮಾತು: ಕೈಯಲ್ಲಿರೋ ಮೊಬೈಲ್ ಸಿಡಿಲು ಎಳೆಯಲ್ಲ. ಚಾರ್ಜರಿಗೆ ಹಾಕ್ಕೊಂಡು ಮಾತಾಡೋದು ಅಪಾಯ.

ಸಿಡಿಲು ಹೊಡೆದವರ ಮೈಯಲ್ಲಿ ಕರೆಂಟ್ ಉಳಿದಿರಲ್ಲ, ಧೈರ್ಯವಾಗಿ ಮುಟ್ಟಿ. ಉಸಿರಿಲ್ಲ ಅಂದ್ರೆ ಸತ್ತರು ಅಂತ ಕೈಬಿಡಬೇಡಿ. ಬೇರೆಯವರ ಕೈಲಿ 108ಕ್ಕೆ ಕರೆ ಮಾಡಿಸಿ, ನೀವು ಎದೆಯ ನಡುವೆ ಎರಡೂ ಅಂಗೈ ಇಟ್ಟು ನಿಮಿಷಕ್ಕೆ 100ರಿಂದ 120 ಸಲ ಜೋರಾಗಿ ಒತ್ತುತ್ತಾ ಇರಿ. ಸಿಡಿಲಿಗೆ ನಿಂತ ಹೃದಯ ಎಷ್ಟೋ ಸಲ ಹೀಗೆ ಮತ್ತೆ ಶುರುವಾಗುತ್ತೆ.

ಫೋನಿನಲ್ಲಿ ಏನಿರಬೇಕು

ಪುಣೆಯ ಐಐಟಿಎಂ ಸಂಸ್ಥೆಯ ‘ದಾಮಿನಿ’ ಆ್ಯಪ್ ನಿಮ್ಮ ಸುತ್ತ 20 ಮತ್ತು 40 ಕಿಲೋಮೀಟರ್ ಒಳಗೆ ಸಿಡಿಲು ಬಿದ್ದಿದ್ದನ್ನ ತೋರಿಸುತ್ತೆ. ಲೊಕೇಶನ್ ಆನ್ ಇರಬೇಕು, ಬ್ಯಾಟರಿ ಸೇವರ್ ಅದನ್ನ ತಡೀದಂಗೆ ಸೆಟ್ಟಿಂಗ್ ಮಾಡಿ. ‘ಮೇಘದೂತ’ದಲ್ಲಿ ಮಂಗಳವಾರ, ಶುಕ್ರವಾರ ಬೆಳೆ ಸಲಹೆ ಕನ್ನಡದಲ್ಲೇ ಬರುತ್ತೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರದ್ದು ‘ವರುಣ ಮಿತ್ರ’ ಸಹಾಯವಾಣಿ, 92433 45433. ನಿಮ್ಮ ಊರು, ಹೋಬಳಿ ಹೇಳಿದ್ರೆ ಅಲ್ಲಿನ ಮುನ್ಸೂಚನೆ ಹೇಳ್ತಾರೆ. ಹವಾಮಾನ ಇಲಾಖೆ ಮೂರು ಮೂರು ಗಂಟೆಗೊಮ್ಮೆ ಕೊಡೋ ತಕ್ಷಣದ ಮುನ್ಸೂಚನೆ ಬೆಳಗ್ಗಿನ ಮೆಸೇಜಿಗಿಂತ ಎಷ್ಟೋ ಮೇಲು. ಮಧ್ಯಾಹ್ನ ಊಟಕ್ಕೆ ಬಂದಾಗ ಒಮ್ಮೆ ಅದನ್ನ ತೆಗೆದು ನೋಡಿ, ಆಮೇಲೆ ಹೊಲಕ್ಕೆ ಹೋಗಬೇಕೋ ಬೇಡ್ವೋ ತೀರ್ಮಾನಿಸಿ.

ಬೆಳೆ ವಿಮೆ ಮಾಡಿಸಿದೋರು, ಆಲಿಕಲ್ಲಿನಿಂದ ಬೆಳೆ ಹೋದ್ರೆ 72 ಗಂಟೆಯೊಳಗೆ ವಿಮಾ ಕಂಪನಿಗೆ ತಿಳಿಸಬೇಕು. ಫೋಟೋ ತೆಗೆದಿಡಿ, ಸರ್ವೆ ನಂಬರ್ ಕೈಲಿರಲಿ.