ಮನೆಮಾತಿಗೆ ಹೊಸ ಹಾಡು: ವಿಲ್ಫಿ–ಮೀನಾ ದಂಪತಿಯಿಂದ ಒಂದು ಪಾಠ

ನಮ್ಮ ತರಗತಿಯಲ್ಲಿ ಎಷ್ಟು ಮನೆಮಾತುಗಳಿವೆ? ಒಮ್ಮೆ ಎಣಿಸಿ ನೋಡಿ. ಬ್ಯಾರಿ, ತುಳು, ಕೊಂಕಣಿ, ಉರ್ದು, ಮಲಯಾಳಂ, ಕನ್ನಡ. ಪಾಠ ಕೇಳುವುದು ಕನ್ನಡ ಅಥವಾ ಇಂಗ್ಲಿಷಿನಲ್ಲಿ. ಮೊಬೈಲಿನಲ್ಲಿ ಕೇಳುವ ಹಾಡು ಹೆಚ್ಚಾಗಿ ಹಿಂದಿ. ಹಾಗಾದರೆ ಸಣ್ಣ ಭಾಷೆಯೊಂದು ಊಟದ ತಟ್ಟೆಯ ಬಳಿಯಿಂದ ಎದ್ದು ವೇದಿಕೆ ಹತ್ತುವುದು ಹೇಗೆ? ನಮ್ಮ ಮಂಗಳೂರಿನಲ್ಲೇ ಇದಕ್ಕೆ ಉತ್ತರ ಕೊಟ್ಟ ಗಂಡ–ಹೆಂಡತಿ ಇದ್ದರು: ವಿಲ್ಫಿ ರೆಬಿಂಬಸ್ ಮತ್ತು ಮೀನಾ ರೆಬಿಂಬಸ್.

ಯಾರು ಇವರು?

ವಿಲ್ಫಿ ಹುಟ್ಟಿದ್ದು 1942ರಲ್ಲಿ. ಕೊಂಕಣಿಯಲ್ಲಿ ಹಾಡು ಬರೆದರು, ರಾಗ ಹಾಕಿದರು, ತಾವೇ ಹಾಡಿದರು, ನಾಟಕಗಳನ್ನೂ ಬರೆದರು. ಜನ ಅವರನ್ನು 'ಕೊಂಕಣ್ ಕೋಗುಳ್', ಅಂದರೆ ಕೊಂಕಣದ ಕೋಗಿಲೆ ಎಂದು ಕರೆದರು. ಪತ್ನಿ ಮೀನಾ ವೇದಿಕೆಯಲ್ಲಿ ಅವರ ಜೊತೆ ದನಿಗೂಡಿಸಿದರು. 'ವಿಲ್ಫಿ ನೈಟ್' ಎಂಬ ಸಂಗೀತ ಸಂಜೆಗಳು ಮಂಗಳೂರಿನಿಂದ ಮುಂಬೈಗೆ, ಕೊಲ್ಲಿ ನಾಡುಗಳಿಗೂ ಹೋದವು. 2010ರ ಮಾರ್ಚ್ 9ರಂದು ವಿಲ್ಫಿ ತೀರಿಕೊಂಡರು.

ಅವರು ಮಾಡಿದ್ದೇನು?

ಕೊಂಕಣಿಗೆ ಹಾಡಿನ ಬಡತನವಿರಲಿಲ್ಲ. ಮದುವೆಯ ಮುನ್ನಾದಿನದ ರೋಸ್ ಶಾಸ್ತ್ರದಲ್ಲಿ ಹೆಂಗಸರು ಹಾಡುವ ವೊವಿಯೊ ಇತ್ತು, ಗುಮಟೆಯ ತಾಳವಿತ್ತು. ಆದರೆ ಅವು ಹಳೆಯ ಹಾಡುಗಳು. ಆಯಾ ಸಂದರ್ಭಕ್ಕಷ್ಟೇ ಹೊರಬರುವಂಥವು. ಟಿಕೆಟ್ ಕೊಂಡು ಕುಳಿತು ಕೇಳುವ, ಆಮೇಲೆ ಗುನುಗುತ್ತಾ ಮನೆಗೆ ಹೋಗುವ ಹೊಸ ಹಾಡು ಬೇಕಿತ್ತು. ವಿಲ್ಫಿ ಅದನ್ನು ಕೊಟ್ಟರು. ಗಂಡು–ಹೆಣ್ಣು ದನಿ ಎರಡೂ ಇದ್ದಾಗ ಹಾಡು ಸಂಭಾಷಣೆಯಾಗುತ್ತದೆ: ಒಬ್ಬರು ಕೇಳುತ್ತಾರೆ, ಇನ್ನೊಬ್ಬರು ಉತ್ತರಿಸುತ್ತಾರೆ. ಅಡುಗೆಮನೆಯಲ್ಲಿ ಆಡುವ ಮಾತೇ ವೇದಿಕೆಯ ಮೇಲೆ ಕೇಳಿದರೆ ಆ ಮಾತಿನ ಮೇಲಿನ ನಾಚಿಕೆ ತಾನಾಗಿ ಕಳಚುತ್ತದೆ.

ಹಾಡಿನ ಜೊತೆ ಬೇರೆ ಕೆಲಸಗಳೂ ನಡೆದವು. 1992ರಲ್ಲಿ ಕೊಂಕಣಿ ಸಂವಿಧಾನದ ಎಂಟನೆಯ ಪರಿಚ್ಛೇದಕ್ಕೆ ಸೇರಿತು. 1994ರಲ್ಲಿ ಕರ್ನಾಟಕ ಕೊಂಕಣಿ ಸಾಹಿತ್ಯ ಅಕಾಡೆಮಿ ಬಂತು. 2008ರ ಜನವರಿಯಲ್ಲಿ ಮಾಂಡ್ ಸೊಭಾಣ್ ಸಂಸ್ಥೆ ಶಕ್ತಿನಗರದ ಕಲಾಂಗಣದಲ್ಲಿ 40 ಗಂಟೆ ನಿರಂತರ ಕೊಂಕಣಿ ಗಾಯನ ನಡೆಸಿ ಗಿನ್ನೆಸ್ ದಾಖಲೆ ಬರೆಯಿತು. ಯೋಚಿಸಿ: ಹಾಡು ಕಟ್ಟುವವರೇ ಇಲ್ಲದಿದ್ದರೆ 40 ಗಂಟೆ ಹಾಡುವುದೇನನ್ನು?

ನಮಗೇನು ಪಾಠ?

ಮಂಗಳೂರಿನ ಕೊಂಕಣಿಯನ್ನು ಬರೆಯುವುದು ಹೆಚ್ಚಾಗಿ ಕನ್ನಡ ಲಿಪಿಯಲ್ಲಿ. ಬ್ಯಾರಿಯನ್ನೂ ಹಾಗೆಯೇ ಬರೆಯುತ್ತೇವೆ. ಬ್ಯಾರಿಗೂ 2007ರಿಂದ ಅಕಾಡೆಮಿ ಇದೆ. 'ಬ್ಯಾರಿ' ಚಲನಚಿತ್ರ 2011ನೇ ಸಾಲಿನ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನು ಹಂಚಿಕೊಂಡಿತು. ಆದರೆ ಅಕಾಡೆಮಿ ಪುಸ್ತಕ ತರಬಹುದು, ಪ್ರಶಸ್ತಿ ಕೊಡಬಹುದು. ಮನೆಯೊಳಗೆ ಹಾಡುವ ಕೆಲಸ ಮನೆಯವರದೇ. ಅಜ್ಜಿಯ ಜೊತೆ ಮಾತು ನಿಂತರೆ ಅವರ ಹಾಡೂ ನಿಲ್ಲುತ್ತದೆ.

ಅಭ್ಯಾಸ

1. ನಿಮ್ಮ ಮನೆಯ ಹಿರಿಯರಿಂದ ಮನೆಮಾತಿನ ಒಂದು ಹಾಡು ಕೇಳಿ, ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ.
2. ಅದನ್ನು ಯಾರು, ಯಾವ ಸಂದರ್ಭದಲ್ಲಿ ಹಾಡುತ್ತಿದ್ದರು ಎಂದು ಗುರುತಿಸಿ.
3. ಅದೇ ಭಾಷೆಯಲ್ಲಿ ಇಂದಿನ ಬದುಕಿನ ಬಗ್ಗೆ ನಾಲ್ಕು ಸಾಲು ನೀವೇ ಕಟ್ಟಿ. ಪ್ರಶ್ನೆ ಎರಡು ಸಾಲು, ಉತ್ತರ ಎರಡು ಸಾಲು. ಗೆಳೆಯರೊಬ್ಬರ ಜೊತೆ ತರಗತಿಯಲ್ಲಿ ಹಾಡಿ.